ಬಡ ನೆಲದ ಬೇಟೆಗಿಡ

ಮಳೆಗಾಲದಲ್ಲಿ ಬಾಬಾಬುಡನ್‌ಗಿರಿಯ ಹುಲ್ಲುಗುಡ್ಡ ಹತ್ತಿದವರಿಗೆ ಗೊತ್ತು, ಬಂಡೆಯ ಸಂದಿಯಿಂದ ನೀರು ಜಿನುಗುವ ಕಡೆ ಕಾಲಿಟ್ಟರೆ ಪಚಕ್ಕೆನ್ನುತ್ತದೆ. ಅಂಥ ಜವುಗಿನಲ್ಲೇ ಡ್ರಾಸೆರಾ ಪೆಲ್ಟೇಟಾ ಎಂಬ ಬಡಕಲು ಗಿಡ ಬೆಳೆಯುತ್ತದೆ. ಗೇಣುದ್ದ ಇದ್ದರೆ ಹೆಚ್ಚು. ಹುಲ್ಲಿನ ನಡುವೆ ಅದನ್ನು ಹುಡುಕಲು ಮಂಡಿಯೂರಿಯೇ ಕೂರಬೇಕು.

ಎಲೆ ಕಿರುಬೆರಳಿನ ಉಗುರಿಗಿಂತ ಚಿಕ್ಕದು, ಅರ್ಧಚಂದ್ರಾಕಾರ. ತೊಟ್ಟು ಎಲೆಯ ಬೆನ್ನಿಗೆ ಕೂಡಿಕೊಂಡಿರುತ್ತದೆ. ಮೈತುಂಬ ಕೆಂಪು ರೋಮ, ಒಂದೊಂದರ ತುದಿಯಲ್ಲೂ ಹೊಳೆಯುವ ಹನಿ. ಇಬ್ಬನಿಯೆಂದು ನಂಬಿ ಕೂತ ನುಸಿಯ ಕಾಲು ಅಂಟಿನಲ್ಲಿ ಸಿಕ್ಕಿಬೀಳುತ್ತದೆ. ಒದ್ದಾಡಿದಷ್ಟೂ ಅಕ್ಕಪಕ್ಕದ ರೋಮಗಳು ಅದರತ್ತ ಬಾಗುತ್ತವೆ. ಉಸಿರಿನ ರಂಧ್ರಗಳು ಮುಚ್ಚಿಹೋಗಿ ನುಸಿ ಸಾಯುತ್ತದೆ, ಎಲೆ ಜೀರ್ಣರಸ ಸುರಿಸುತ್ತದೆ. ಕೆಲವು ದಿನ ಬಿಟ್ಟು ನೋಡಿದರೆ ಒಣ ಚಿಪ್ಪಷ್ಟೇ ಉಳಿದಿರುತ್ತದೆ.

ಇದರ ಯುರೋಪಿನ ಬಂಧುವಿನ ಎಲೆಗೆ ಚಾರ್ಲ್ಸ್ ಡಾರ್ವಿನ್ ಮಾಂಸದ ಚೂರು, ಹಾಲು, ಮೊಟ್ಟೆಯ ಬಿಳಿ, ಸಕ್ಕರೆ, ಗಂಜಿ ಎಲ್ಲವನ್ನೂ ಇಟ್ಟು ನೋಡಿದ್ದ. ಮಾಂಸ, ಹಾಲು, ಮೊಟ್ಟೆಗೆ ರೋಮಗಳು ಬಾಗಿದವು. ಸಕ್ಕರೆ, ಗಂಜಿಗೆ ಮಿಸುಕಲಿಲ್ಲ. 1875ರಲ್ಲಿ ಇದನ್ನೆಲ್ಲ ಪುಸ್ತಕವಾಗಿಯೇ ಬರೆದ. ಗಿಡಕ್ಕೆ ಬೇಕಿದ್ದದ್ದು ಸಾರಜನಕ. ಜಡಿಮಳೆ ತೊಳೆದುಹಾಕಿದ ಗುಡ್ಡದ ಮಣ್ಣಿನಲ್ಲಿ ಅದಕ್ಕೇ ಬರ. ಬಿಸಿಲಿನಿಂದ ಹಿಟ್ಟು ತಯಾರಿಸುವ ಕೆಲಸವನ್ನು ಇದೂ ಎಲ್ಲ ಹಸಿರು ಗಿಡಗಳಂತೆಯೇ ಮಾಡುತ್ತದೆ.

ತುದಿಯಲ್ಲಿ ಐದೆಸಳಿನ ಬಿಳಿ ಹೂ, ಕೆಳಗೆ ಬಲೆ. ಮಳೆ ನಿಂತು ಜವುಗು ಆರಿದ ಮೇಲೆ ಗಿಡ ಒಣಗಿ ಮಾಯವಾಗುತ್ತದೆ. ಜೀವ ಮಾತ್ರ ನೆಲದೊಳಗಿನ ಪುಟ್ಟ ಗಡ್ಡೆಯಲ್ಲಿ ಮುಂದಿನ ಮುಂಗಾರಿಗಾಗಿ ಕಾಯುತ್ತಿರುತ್ತದೆ. ಬೇಸಿಗೆಯಲ್ಲಿ ಅಲ್ಲಿ ನಡೆದವರಿಗೆ ಕಾಲಡಿ ಏನಿದೆಯೆಂಬ ಸುಳಿವೂ ಸಿಗುವುದಿಲ್ಲ.

ಈ ಗುಡ್ಡಗಳನ್ನು ಬೋಳು ಎಂದು ಕರೆಯುವುದನ್ನು ನಾವು ಮೊದಲು ಬಿಡಬೇಕು. ಬೋಳೆಂದುಕೊಂಡೇ ನೀಲಗಿರಿಯ ಹುಲ್ಲುಗಾವಲಿನಲ್ಲಿ ವಾಟಲ್ ಮರ ನೆಟ್ಟರು. ಅದು ಹಬ್ಬಿದ ಕಡೆ ಹುಲ್ಲೇ ಉಳಿಯಲಿಲ್ಲ. ಡ್ರಾಸೆರಾಕ್ಕೆ ತೆರೆದ ಬಿಸಿಲು ಬೇಕು, ಒದ್ದೆ ನೆಲ ಬೇಕು. ನೆರಳು ಬಿದ್ದರೆ ಸೊರಗುತ್ತದೆ. ಗೊಬ್ಬರದ ನೀರು ಹರಿದರೆ ಎತ್ತರದ ಕಳೆಗಳು ಅದನ್ನು ಮುಚ್ಚಿಬಿಡುತ್ತವೆ. ಇನ್ನು ಜೀಪಿನ ಚಕ್ರ ಒಂದು ಒರತೆಯ ಮೇಲೆ ಹಾದರೆ ಸಾಕು, ನೀರು ಆ ಗಾಲಿಜಾಡು ಹಿಡಿದು ಹರಿದುಹೋಗಿ ಜವುಗು ಒಣಗುತ್ತದೆ. ಕುಂಡದಲ್ಲಿ ಬೆಳೆಸುತ್ತೇವೆಂದು ಕಿತ್ತು ತಂದರೂ ಪ್ರಯೋಜನವಿಲ್ಲ. ನಮ್ಮ ತೋಟದ ಗೊಬ್ಬರದ ಮಣ್ಣು, ಕೊಳವೆಬಾವಿಯ ಗಡಸು ನೀರು ಎರಡೂ ಅದಕ್ಕೆ ಆಗಿಬರುವುದಿಲ್ಲ.