ಓಮ್ನಿಯಲ್ಲಿ ಮುರುಗಮಲ್ಲದ ಕಡೆಗೆ

ಹಳಿಯ ಮೇಲೆ ಜರ್ರನೆ ಸರಿಯುವ ಈ ಬಾಗಿಲಿನ ಸದ್ದು ಗುರುತು ಸಿಕ್ಕಿತಲ್ಲ? ಮಾರುತಿ ಓಮ್ನಿ! 1984ರಲ್ಲಿ ಬಂದಾಗ ಇದರ ಹೆಸರು ಬರೀ ಮಾರುತಿ ವ್ಯಾನ್. 2019ಕ್ಕೆ ತಯಾರಿಕೆ ನಿಂತಿತು.

ಮೋಟಾರು ವಾಹನ ನಿಯಮದ ಪ್ರಕಾರ, ನೋಂದಣಿಯಾಗಿ 50 ವರ್ಷ ದಾಟಿದ ಗಾಡಿ ಮಾತ್ರ ವಿಂಟೇಜ್. ಮೊದಮೊದಲ ಓಮ್ನಿಗೂ ಆ ಪಟ್ಟ ಸಿಗೋದು 2034ರಲ್ಲೇ. ಪ್ರೀತಿ ಮಾಡೋಕೆ ಅಲ್ಲೀವರೆಗೆ ಕಾಯಬೇಕಾ?

ವಾರಾಂತ್ಯಕ್ಕೆ ನಾಲ್ಕೈದು ಹಳೇ ವ್ಯಾನ್ ಜೊತೆಯಾಗಿ ಹೊರಡೋಕೆ ಚಿಂತಾಮಣಿ ಸೀಮೆ ಚೆಂದ. ಒಂದು ಕಡೆ ಕೈವಾರ, ಇನ್ನೊಂದು ಕಡೆ ಹಿಂದೂ-ಮುಸ್ಲಿಂ ಇಬ್ಬರೂ ಹರಕೆ ಹೊತ್ತು ಬರುವ ಮುರುಗಮಲ್ಲದ ದರ್ಗಾ. ಸುತ್ತ ಬಂಡೆ ಬೆಟ್ಟ, ರಾಗಿ ಹೊಲ.

ಅಲ್ಲೇ ಇರುವ ಕೈಲಾಸಗಿರಿ ಬೆಟ್ಟದ ಕಡೆಯ ಏರಿನಲ್ಲಿ ಮಾತ್ರ ಹುಷಾರು. 796 ಸಿಸಿ, ಮೂರು ಸಿಲಿಂಡರಿನ ಇಂಜಿನ್ ಇರೋದು ಮುಂದಿನ ಸೀಟಿನ ಕೆಳಗೇ. ಅದು ಕಾದರೆ ಮೊದಲು ಗೊತ್ತಾಗೋದು ನಿಮ್ಮ ತೊಡೆಗೆ! ನೆರಳಲ್ಲಿ ನಿಲ್ಲಿಸಿ, ಆರಿದ ಮೇಲೆ ಸೀಟೆತ್ತಿ ಹೋಸ್ ಪೈಪು, ಬೆಲ್ಟು ಮುಟ್ಟಿ ನೋಡಿ. ಬಿಸಿಯಿದ್ದಾಗ ರೇಡಿಯೇಟರ್ ಮುಚ್ಚಳ ತೆಗೆಯಲೇಬೇಡಿ.

ರಾತ್ರಿ ಹಿಂದಿನ ಸೀಟು ಮಡಚಿ ಹಾಸಿಗೆ ಹಾಸಿ. ಒಲೆ ಮಾತ್ರ ಹೊರಗೆ, ಗಾಡಿಯಿಂದ ದೂರ. ಪೆಟ್ರೋಲ್ ಗಾಡಿ ಇದು. ಹೊಲದವರನ್ನು ಕೇಳಿಯೇ ಬಿಡಾರ ಹೂಡಿ. ಕೇಳಿದರೆ ನೀರಿನ ಜಾಗವನ್ನೂ ಅವರೇ ತೋರಿಸ್ತಾರೆ.