ವಿಡಿಯೋ ಆಟಗಳು: ಒಬ್ಬ ಹೋಟೆಲಿಗನ ಅನುಭವ

ವಾಚಕರು ಮೊದಲೇ ನಗಬಾರದೆಂದು ವಿನಂತಿ. ನಲವತ್ತೇಳು ವರ್ಷ ತುಂಬಿದ, ತಲೆಯಲ್ಲಿ ಕಪ್ಪಿಗಿಂತ ಬಿಳಿಯೇ ಹೆಚ್ಚಾಗಿರುವ, ಹಗಲೆಲ್ಲ ಲೇಖನಗಳ ಕರಡು ತಿದ್ದುವ ಒಬ್ಬ ಗೃಹಸ್ಥನು ಕಳೆದ ಎರಡು ತಿಂಗಳಿಂದ ರಾತ್ರಿಯ ಊಟ ತೀರಿಸಿಕೊಂಡು ವಿಡಿಯೋ ಆಟಗಳನ್ನು ಆಡುತ್ತಿದ್ದಾನೆಂದರೆ ನಗು ಬರುವುದು ಸಹಜವೇ. ಆ ಗೃಹಸ್ಥನು ನಾನೇ.

ಇದಕ್ಕೆ ಕಾರಣನಾದವನು ಓದಿಗಾಗಿ ಊರಿನಿಂದ ಮುಂಬಯಿಗೆ ಬಂದು ನಮ್ಮ ಮನೆಯಲ್ಲಿ ತಂಗಿರುವ ನನ್ನ ಅಕ್ಕನ ಮಗ. ಒಂದು ರಾತ್ರಿ ಅವನು ಕಂಪ್ಯೂಟರಿನ ಮುಂದೆ ಕುಳಿತು ಆಡುತ್ತಿದ್ದುದನ್ನು ಕಂಡು, ಹಳೆಯ ಅಭ್ಯಾಸಬಲದಿಂದ, “ಇದರಿಂದ ಹೊಟ್ಟೆ ತುಂಬುತ್ತದೇನೋ?” ಎಂದು ಗದರಿದೆ. ಅವನು ಸಿಟ್ಟಾಗಲಿಲ್ಲ. “ಮಾವ, ಇದು ಅಡಿಗೆಮನೆಯ ಆಟ. ನೀವು ಇಪ್ಪತ್ತೈದು ವರ್ಷ ಹೋಟೆಲಿನಲ್ಲಿ ಕಳೆದವರಲ್ಲವೇ? ಒಮ್ಮೆ ಕೈಯಾಡಿಸಿ ನೋಡಿ, ಆಮೇಲೆ ಬೈಯಿರಿ” ಎಂದ.

ನೋಡದೆ ಬೈಯುವುದು ನನ್ನ ದೊಡ್ಡ ದೋಷ. ಹಾಗೆ ಬೈದ ಒಂದು ಸಂಗತಿಯು ಮುಳ್ಳಿನಂತೆ ಮನಸ್ಸಿನಲ್ಲಿ ಉಳಿದಿದೆ. ಅದನ್ನು ಕೊನೆಗೆ ಅರಿಕೆ ಮಾಡಿಕೊಳ್ಳುತ್ತೇನೆ. ಸದ್ಯಕ್ಕೆ ನಾನು ಆಡಿದ ಆಟಗಳ ವಿಚಾರ.

ಗಲ್ಲೆಯಿಲ್ಲದ ಹೋಟೆಲು

ಆ ಅಡಿಗೆಮನೆಯ ಆಟದ ಹೆಸರು ‘ಓವರ್‌ಕುಕ್ಡ್’. ಇಂಗ್ಲೆಂಡಿನಲ್ಲಿ ಇಬ್ಬರೇ ಇಬ್ಬರು ಸೇರಿ ಕಟ್ಟಿದ ‘ಘೋಸ್ಟ್ ಟೌನ್ ಗೇಮ್ಸ್’ ಎಂಬ ಸಣ್ಣ ಸಂಸ್ಥೆಯು ಇದನ್ನು ರಚಿಸಿತು, 2016ರಲ್ಲಿ ಬಿಡುಗಡೆಯಾಯಿತು. ನಾಲ್ಕು ಮಂದಿಯವರೆಗೆ ಒಟ್ಟಿಗೆ ಆಡಬಹುದು. ಪರದೆಯ ಅಂಚಿನಲ್ಲಿ ಒಂದರ ಹಿಂದೊಂದು ಆರ್ಡರುಗಳು ಬರುತ್ತವೆ. ಈರುಳ್ಳಿ ಸೂಪಿನ ಆರ್ಡರಾದರೆ ಮೂರು ಈರುಳ್ಳಿ ತಂದು, ಹೆಚ್ಚಿ, ಪಾತ್ರೆಗೆ ಹಾಕಿ, ಬೆಂದೊಡನೆ ತಟ್ಟೆಗೆ ಬಗ್ಗಿಸಿ ಕಿಟಕಿಗೆ ಮುಟ್ಟಿಸಬೇಕು. ಒಲೆಯ ಮೇಲಿನದನ್ನು ಮರೆತಿರೋ, ಬೆಂಕಿ ಹತ್ತಿತೆಂದೇ ತಿಳಿಯಿರಿ. ಮುಂದೆ ಹೋದಂತೆ ಎಂಜಲು ತಟ್ಟೆಗಳು ಹಿಂದಿರುಗಿ ಬರತೊಡಗುತ್ತವೆ. ಅವನ್ನು ಯಾರಾದರೂ ತೊಳೆಯದಿದ್ದರೆ ಸೂಪು ಸಿದ್ಧವಿದ್ದರೂ ಬಡಿಸಲು ತಟ್ಟೆಯಿಲ್ಲ. ಅಡಿಗೆಮನೆಯಾದರೂ ನೆಟ್ಟಗೆ ನಿಂತಿರುತ್ತದೆಯೇ? ಒಮ್ಮೆ ಓಡುವ ಲಾರಿಗಳ ಮೇಲೆ, ಒಮ್ಮೆ ತೂಗಾಡುವ ಹಡಗಿನಲ್ಲಿ.

ಮೊದಲ ರಾತ್ರಿ ನಾನು ಏನು ಮಾಡಿದೆನೆಂಬುದನ್ನು ಊಹಿಸಬಲ್ಲಿರಿ. ನಡುವೆ ನಿಂತು ಅಪ್ಪಣೆ ಕೊಟ್ಟೆ. “ಅದನ್ನು ಹೆಚ್ಚು, ಇದನ್ನು ತಾ, ತಟ್ಟೆ ಎಲ್ಲಿ?” ಎಂದು ಕೂಗಿದೆ. ಸೂಪು ಕರಿಕಾಯಿತು, ಬೆಂಕಿ ಎದ್ದಿತು, ಆಟವು ನಮಗೆ ಒಂದು ನಕ್ಷತ್ರವನ್ನೂ ಕೊಡಲಿಲ್ಲ. ಹುಡುಗ ಮೆಲ್ಲನೆ, “ಮಾವ, ಈ ಹೋಟೆಲಿನಲ್ಲಿ ಗಲ್ಲೆಯೇ ಇಲ್ಲ. ಇಲ್ಲಿ ಎಲ್ಲರೂ ಕೆಲಸದವರೇ” ಎಂದ.

ಮೂರನೆಯ ರಾತ್ರಿ ನಾನೇ ಹೋಗಿ ತಟ್ಟೆ ತೊಳೆಯುವಲ್ಲಿ ನಿಂತೆ. ತೊಳೆದ ತಟ್ಟೆ ತಪ್ಪದೆ ಕೈಗೆ ಸಿಗತೊಡಗಿದೊಡನೆ ಉಳಿದ ಕೆಲಸವೆಲ್ಲ ತಾನಾಗಿ ಸಾಗಿತು. ಮೂರು ನಕ್ಷತ್ರಗಳೂ ದೊರೆತವು. 1995ರಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಈ ಊರಿಗೆ ಬಂದಾಗ ನನಗೆ ಸಿಕ್ಕ ಮೊದಲ ಕೆಲಸವೂ ಮೋರಿಯಲ್ಲಿಯೇ. ಮೋರಿಯಲ್ಲಿ ನಿಂತವನ ಕೈ ನಿಂತರೆ ಹೋಟೆಲೇ ನಿಲ್ಲುತ್ತದೆಂಬುದು ಆಗ ಗೊತ್ತಿತ್ತು. ಗಲ್ಲೆಗೆ ಬಂದ ಮೇಲೆ ಮರೆತುಹೋಗಿತ್ತು. ಹಗಲೆಲ್ಲ ಇದನ್ನೇ ಮಾಡಿ ದಣಿದ ಹುಡುಗರಿಗೆ ಈ ಆಟವನ್ನು ನಾನು ಹೇಳಲಾರೆ. ಮಾಲಿಕರಿಗೆ ಅವಶ್ಯವಾಗಿ ಹೇಳುತ್ತೇನೆ.

ಹರಿದ ಪುಸ್ತಕದ ಇಡ್ಲಿ

ಎರಡನೆಯದು ‘ವೆಣ್ಬಾ’. ಕೆನಡಾದ ಟೊರಾಂಟೋದಲ್ಲಿರುವ ‘ವಿಸೈ ಗೇಮ್ಸ್’ ಸಂಸ್ಥೆಯು 2023ರಲ್ಲಿ ಹೊರತಂದ ಆಟ. 1980ರ ದಶಕದಲ್ಲಿ ತಮಿಳುನಾಡಿನಿಂದ ಕೆನಡಾಕ್ಕೆ ಹೋದ ವೆಣ್ಬಾ, ಪಾವಲನ್ ಎಂಬ ದಂಪತಿಗಳ ಮತ್ತು ಅವರ ಮಗ ಕವಿನನ ಕಥೆ. ವೆಣ್ಬಾಳ ತಾಯಿ ಬರೆದುಕೊಟ್ಟ ಅಡಿಗೆಯ ಪುಸ್ತಕವು ಅಲ್ಲಲ್ಲಿ ಹರಿದು ಅಳಿಸಿಹೋಗಿದೆ. ಉಳಿದ ಅಕ್ಷರಗಳಿಂದಲೂ ಚಿತ್ರಗಳಿಂದಲೂ ಕ್ರಮವನ್ನು ಊಹಿಸಿ ನಾವು ಅಡಿಗೆ ಮಾಡಬೇಕು.

ಮೊದಲ ತಿಂಡಿಯೇ ಇಡ್ಲಿ! ಇಡ್ಲಿಯಿಂದಲೇ ಅನ್ನ ಸಂಪಾದಿಸಿದ ನನಗೆ ಇದೇನು ಮಹಾ ಎಂದು ಅವಸರದಲ್ಲಿ ತಟ್ಟೆಗಳನ್ನು ಪೇರಿಸಿದೆ. ಕೆಟ್ಟುಹೋಯಿತು. ಮೇಲಿನ ತಟ್ಟೆಯ ಗುಳಿಯು ಕೆಳಗಿನ ಇಡ್ಲಿಯ ತಲೆಯ ಮೇಲೆ ಕೂರಬಾರದೆಂಬ ಸಣ್ಣ ವಿವೇಕವನ್ನು ನಾನು ಮರೆತಿದ್ದೆ. ನಮ್ಮ ಭಟ್ಟರು ನೋಡಿದ್ದರೆ ಆ ದಿನವೇ ಕೆಲಸ ಬಿಟ್ಟು ಊರಿಗೆ ಹೋಗುತ್ತಿದ್ದರು.

ಆದರೆ ಆಟದ ತಿರುಳು ಇಡ್ಲಿಯಲ್ಲಿಲ್ಲ. ಮಗನು ಬೆಳೆದಂತೆ ತಾಯಿಯ ತಮಿಳಿಗೆ ಇಂಗ್ಲಿಷಿನಲ್ಲಿ ಉತ್ತರ ಕೊಡತೊಡಗುತ್ತಾನೆ. ಮನೆಯ ಊಟದ ಡಬ್ಬಿಯನ್ನು ಶಾಲೆಗೆ ಒಯ್ಯಲು ನಾಚುತ್ತಾನೆ. ದೊಡ್ಡವನಾದ ಬಳಿಕ ಅದೇ ಪುಸ್ತಕವನ್ನು ಹಿಡಿದು ತಾನೇ ಅಡಿಗೆಗೆ ನಿಂತಾಗ ಅಜ್ಜಿಯ ಅಕ್ಷರಗಳು ಅವನಿಗೆ ಸರಿಯಾಗಿ ಓದಲು ಬರುವುದಿಲ್ಲ. ಅಲ್ಲಿಗೆ ನಾನು ಆಟವನ್ನು ನಿಲ್ಲಿಸಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಕನ್ನಡ ಪತ್ರಿಕೆಯನ್ನು ತಿದ್ದುವ ನನ್ನ ಮಗಳಿಗೆ ಈ ಪತ್ರಿಕೆಯನ್ನು ಓದಲು ಬಾರದು. ಅವಳಿಗೆ ಕನ್ನಡ ಮಾತು ಬರುತ್ತದೆ, ಅಕ್ಷರ ಬರುವುದಿಲ್ಲ. ಹೊರನಾಡಿನಲ್ಲಿ ಮಕ್ಕಳನ್ನು ಬೆಳೆಸುವ ಎಷ್ಟು ಮನೆಗಳಲ್ಲಿ ಇದೇ ಕಥೆ! ಎರಡು ತಾಸಿನೊಳಗೆ ಮುಗಿಯುವ ಈ ಆಟವನ್ನು ಮರುದಿನ ಅವಳೊಡನೆ ಕುಳಿತು ಮತ್ತೊಮ್ಮೆ ಆಡಿದೆ. ಆಟ ಮುಗಿದ ಮೇಲೆ ಅವಳು ತನ್ನ ಹೆಸರನ್ನು ಕನ್ನಡದಲ್ಲಿ ಬರೆದುಕೊಡುವಂತೆ ಕೇಳಿದಳು.

ಗುಮಾಸ್ತನ ಮುದ್ರೆ

ಕಚೇರಿಗಳಲ್ಲಿ ದುಡಿಯುವ ವಾಚಕರಿಗೆ ಮೂರನೆಯ ಆಟವು ವಿಶೇಷವಾಗಿ ಹಿಡಿಸೀತು. ‘ಪೇಪರ್ಸ್, ಪ್ಲೀಸ್’ ಎಂಬ ಇದನ್ನು ಲ್ಯೂಕಸ್ ಪೋಪ್ ಎಂಬವರು ರಚಿಸಿ 2013ರಲ್ಲಿ ಹೊರತಂದರು. 2022ರಿಂದ ಫೋನಿನಲ್ಲಿಯೂ ಸಿಗುತ್ತದೆ. ಕಾಲ 1982. ಆರ್‌ಸ್ಟೋಟ್ಸ್ಕಾ ಎಂಬ ಕಾಲ್ಪನಿಕ ದೇಶದ ಗಡಿಯಲ್ಲಿ ನೀವು ಕಾಗದಪತ್ರ ಪರೀಕ್ಷಿಸುವ ನೌಕರರು. ಸರತಿಯಲ್ಲಿ ನಿಂತವರು ಒಬ್ಬೊಬ್ಬರಾಗಿ ಬರುತ್ತಾರೆ. ಹೆಸರು, ತಾರೀಖು, ಭಾವಚಿತ್ರ ಎಲ್ಲವೂ ತಾಳೆಯಾದರೆ ಹಸಿರು ಮುದ್ರೆ, ಇಲ್ಲವಾದರೆ ಕೆಂಪು. ದಿನದಿನಕ್ಕೆ ನಿಯಮಗಳು ಬದಲಾಗುತ್ತವೆ. ಸರಿಯಾಗಿ ಮುಗಿಸಿದ ತಲೆಯೊಂದಕ್ಕೆ 5 ನಾಣ್ಯ ಕೂಲಿ. ದಿನದಲ್ಲಿ ಎರಡು ತಪ್ಪಿಗೆ ಎಚ್ಚರಿಕೆ, ಮೂರನೆಯದಕ್ಕೆ ದಂಡ. ಸಂಜೆ ಮನೆಯ ಲೆಕ್ಕ: ಬಾಡಿಗೆ, ಊಟ, ಚಳಿ ಕಾಯಿಸಲು ಉರುವಲು. ಹಣ ಸಾಲದಿದ್ದರೆ ಮನೆಯವರಲ್ಲಿ ಒಬ್ಬೊಬ್ಬರೇ ಕಾಯಿಲೆ ಬೀಳುತ್ತಾರೆ.

ಒಮ್ಮೆ ಒಬ್ಬ ಗಂಡಸಿನ ಕಾಗದಗಳೆಲ್ಲ ಸರಿಯಾಗಿದ್ದವು, ಅವನನ್ನು ಬಿಟ್ಟೆ. ಹಿಂದೆಯೇ ಬಂದ ಅವನ ಹೆಂಡತಿಯ ಬಳಿ ಒಂದು ಕಾಗದವಿರಲಿಲ್ಲ. ಹಿಂದಕ್ಕೆ ಹೋದರೆ ತನ್ನನ್ನು ಕೊಲ್ಲುತ್ತಾರೆಂದು ಆಕೆ ಬೇಡಿಕೊಂಡಳು. ಬಿಟ್ಟರೆ ನನ್ನ ಹೆಸರಿಗೆ ಒಂದು ತಪ್ಪು ಏರುತ್ತದೆ. ಬಿಟ್ಟೆ. ಆ ದಿನ ಕಣ್ತಪ್ಪಿನಿಂದ ಇನ್ನೆರಡು ತಪ್ಪು ಮಾಡಿದ್ದರಿಂದ ದಂಡ ಬಿದ್ದು, ಸಂಜೆಯ ಲೆಕ್ಕದಲ್ಲಿ ಉರುವಲು ತಪ್ಪಿತು. ಹೋಟೆಲಿನ ಪರವಾನಗಿಯ ಕಾಲದಲ್ಲಿ ಒಂದು ಕಚೇರಿಯ ಗುಮಾಸ್ತರು ಒಂದೇ ಕಾಗದಕ್ಕಾಗಿ ನನ್ನನ್ನು ಮೂರು ಸಲ ಹಿಂದೆ ಕಳುಹಿಸಿದ್ದರು. ಆ ಮನುಷ್ಯನನ್ನು ನಾನು ಶಪಿಸಿದ್ದಕ್ಕೆ ಮಿತಿಯಿಲ್ಲ. ಕಿಟಕಿಯ ಆಚೆ ಕುಳಿತವನಿಗೂ ಒಂದು ಸಂಜೆಯ ಲೆಕ್ಕವಿರುತ್ತದೆಂಬುದನ್ನು ಅಂದು ಯೋಚಿಸಿರಲಿಲ್ಲ.

ಅಜ್ಜನ ಹೊಲ

ನಾಲ್ಕನೆಯದು ‘ಸ್ಟಾರ್‌ಡ್ಯೂ ವ್ಯಾಲಿ’. ಅಮೆರಿಕದ ಎರಿಕ್ ಬರೋನ್ ಎಂಬ ಯುವಕನು ನಾಲ್ಕು ವರ್ಷಕ್ಕೂ ಮೇಲ್ಪಟ್ಟು ಒಬ್ಬನೇ ದುಡಿದು, ಚಿತ್ರ, ಸಂಗೀತ, ಕಥೆ ಎಲ್ಲವನ್ನೂ ತಾನೇ ಮಾಡಿ 2016ರಲ್ಲಿ ಇದನ್ನು ಬಿಡುಗಡೆ ಮಾಡಿದನು. ದೊಡ್ಡ ಕಂಪನಿಯೊಂದರ ಮೇಜಿಗೆ ಅಂಟಿಕೊಂಡು ಬೇಸತ್ತ ಗುಮಾಸ್ತನು ಅಜ್ಜನು ಬಿಟ್ಟುಹೋದ ಪತ್ರವನ್ನು ಒಡೆದು ಓದಿ, ಹಾಳುಬಿದ್ದ ಅಜ್ಜನ ಹೊಲಕ್ಕೆ ಮರಳುತ್ತಾನೆ. ಕೈಯಲ್ಲಿ ಹದಿನೈದು ಬೀಜಗಳು. ನಾಲ್ಕು ದಿನ ನೀರುಣಿಸಿದರೆ ಮೊದಲ ಫಸಲು.

ಊರಿನ ಗದ್ದೆ ಹಡಿಲು ಬಿದ್ದಿರುವ ಯಾವ ಮುಂಬಯಿಗನಿಗೆ ಈ ಕನಸು ಬಿದ್ದಿಲ್ಲ? ಆಟದಲ್ಲಿ ಒಂದು ಋತುವಿಗೆ 28 ದಿನ. ನಮ್ಮ ಮಳೆಗಾಲದಂಥದ್ದು ಅಲ್ಲಿಲ್ಲ, ಕೂಲಿಯಾಳು ಸಿಗಲಿಲ್ಲವೆಂಬ ಚಿಂತೆಯೂ ಇಲ್ಲ. ಹಾಗಾಗಿ ಬೇಸಾಯವು ಬಲು ಹಗುರ. ಇದರ ಅಪಾಯವೂ ಅಲ್ಲಿಯೇ ಇದೆ. ಆಟದೊಳಗಿನ ದಿನವು ಹದಿನೈದು ನಿಮಿಷದೊಳಗೆ ಮುಗಿಯುತ್ತದೆ. ನಾಳೆ ಬೆಳೆ ಏನಾಯಿತೆಂದು ನೋಡಿ ಮಲಗೋಣವೆಂದರೆ ಆ ನಾಳೆಗೂ ಒಂದು ನಾಳೆಯಿರುತ್ತದೆ. ಆಟದ ರೈತನು ರಾತ್ರಿ ಎರಡು ಗಂಟೆಯವರೆಗೆ ಮಲಗದಿದ್ದರೆ ತಲೆತಿರುಗಿ ಬೀಳುತ್ತಾನೆ. ಅವನನ್ನು ಹೊತ್ತಿಗೆ ಸರಿಯಾಗಿ ಮಲಗಿಸುತ್ತ ನಾನು ಎರಡು ರಾತ್ರಿ ಮೂರು ಗಂಟೆಯವರೆಗೆ ಎದ್ದಿದ್ದೆ. ಬೆಳಿಗ್ಗೆ ಐದಕ್ಕೆ ಒಲೆ ಹಚ್ಚಬೇಕಾದ ಹುಡುಗರು ಗಡಿಯಾರವನ್ನು ಎದುರಿಗಿಟ್ಟುಕೊಂಡೇ ಇದನ್ನು ಆಡತಕ್ಕದ್ದು.

ಪಣದ ಮಾತು

ಮೇಲೆ ಹೇಳಿದ ನಾಲ್ಕರಲ್ಲಿ ಯಾವುದರಲ್ಲಿಯೂ ಪಣವಿಲ್ಲ. ಸೋತರೆ ಸಂಬಳ ಹೋಗುವುದಿಲ್ಲ. ಫೋನಿನಲ್ಲಿ ಹಣ ಕಟ್ಟಿಸಿಕೊಂಡು ಆಡಿಸುವ ರಮ್ಮಿ ಮೊದಲಾದವು ಬೇರೆಯ ಜಾತಿಯವು. ಅವು ಮೊದಲು ನೂರು ರೂಪಾಯಿ ಗೆಲ್ಲಿಸುತ್ತವೆ, ಆಮೇಲೆ ಊರಿಗೆ ಕಳುಹಿಸಬೇಕಾದ ಹಣವನ್ನು ಕೇಳುತ್ತವೆ. ಇಂಥ ಹಣದ ಆಟಗಳನ್ನು ನಿಷೇಧಿಸುವ ಕಾನೂನನ್ನು ಸಂಸತ್ತು 2025ರ ಆಗಸ್ಟಿನಲ್ಲಿ ಅಂಗೀಕರಿಸಿತು. ಅದೇ ತಿಂಗಳ 22ರಂದು ರಾಷ್ಟ್ರಪತಿಗಳ ಅಂಕಿತವೂ ಬಿದ್ದಿತು. ಆಡಿಸುವವರಿಗೆ ಮೂರು ವರ್ಷದವರೆಗೆ ಸೆರೆಮನೆ, ಒಂದು ಕೋಟಿ ರೂಪಾಯಿವರೆಗೆ ದಂಡ. ಕಾನೂನು ಬಂದ ಮಾತ್ರಕ್ಕೆ ಆಸೆ ಹೋಗುವುದಿಲ್ಲ. ‘ಹಣ ಹಾಕಿ, ಗೆಲ್ಲಿ’ ಎಂದು ಕರೆಯುವ ಕೊಂಡಿಯು ಫೋನಿಗೆ ಬಂದರೆ ಅದನ್ನು ಮುಟ್ಟದಿರುವುದೇ ಕ್ಷೇಮ. ಪಣವನ್ನೂ ಆಟವನ್ನೂ ಒಂದೇ ತಕ್ಕಡಿಯಲ್ಲಿಟ್ಟು ಎರಡನ್ನೂ ಬೈದದ್ದು ನಮ್ಮಂಥ ಹಿರಿಯರ ತಪ್ಪು. ಇನ್ನು ನನ್ನ ಆ ಹಳೆಯ ಸಂಗತಿ.

ಗಲ್ಲೆಯೊಳಗಿನ ಫೋನು

2018ರ ಮಳೆಗಾಲ. ಕುಂದಾಪುರದ ಕಡೆಯ ಹತ್ತೊಂಬತ್ತು ವರ್ಷದ ಹುಡುಗನೊಬ್ಬ ನನ್ನ ಹೋಟೆಲಿನಲ್ಲಿ ಮಾಣಿಯಾಗಿದ್ದ. ರಾತ್ರಿ ಹನ್ನೊಂದೂವರೆಗೆ ಬಾಗಿಲು ಹಾಕಿದ ಮೇಲೆ ಹುಡುಗರು ಅಟ್ಟದ ಮೇಲೆ ಚಾಪೆ ಹಾಸಿ ಮಲಗುತ್ತಿದ್ದರು. ಇವನ ಫೋನಿನ ಬೆಳಕು ಮಾತ್ರ ಆರುತ್ತಿರಲಿಲ್ಲ. ಒಂದು ಬೆಳಿಗ್ಗೆ ಅವನ ಕೈಯಿಂದ ಗ್ಲಾಸುಗಳ ತಟ್ಟೆ ಜಾರಿತು. ಆ ರಾತ್ರಿ ನಾನೇ ಅಟ್ಟ ಹತ್ತಿ ನೋಡಿದರೆ ಫೋನಿನಲ್ಲಿ ಲೂಡೋ! ಕಸಿದುಕೊಂಡೆ. “ಸೇಠರೇ, ಒಂದು ಸಲ ಅಣ್ಣನಿಗೆ ಹೇಳಿ ಕೊಟ್ಟುಬಿಡುತ್ತೇನೆ” ಎಂದ. ಕೇಳಲಿಲ್ಲ. ಎಂಟು ದಿನ ಅದನ್ನು ಗಲ್ಲೆಯಲ್ಲಿ ಬೀಗ ಹಾಕಿಟ್ಟೆ. ಸಂಬಳದ ದಿನ ಫೋನನ್ನೂ ಹಣವನ್ನೂ ತೆಗೆದುಕೊಂಡು, ನಮಸ್ಕಾರ ಮಾಡಿ ಹೊರಟುಹೋದ.

ಆಮೇಲೆ ಭಟ್ಟರು ಹೇಳಿದರು. ಅವನ ಅಣ್ಣ ಪುಣೆಯ ಒಂದು ಹೋಟೆಲಿನಲ್ಲಿದ್ದ. ಇಬ್ಬರಿಗೂ ಕೆಲಸ ಮುಗಿಯುವುದು ಒಂದೇ ಹೊತ್ತಿಗೆ. ಫೋನಿನಲ್ಲಿ ಮಾತಾಡಿದರೆ ಅಟ್ಟದ ಮೇಲೆ ಮಲಗಿದವರ ನಿದ್ದೆ ಕೆಡುತ್ತದೆ. ಅದಕ್ಕಾಗಿ ಮಾತಿಲ್ಲದೆ ಲೂಡೋ ಆಡುತ್ತಿದ್ದರು. ಅಣ್ಣನ ಕಾಯಿ ನಡೆಯಿತೆಂದರೆ ಅಣ್ಣ ಸೌಖ್ಯವಾಗಿದ್ದಾನೆಂದು ಅರ್ಥ. ಆ ಎಂಟು ರಾತ್ರಿ ತಮ್ಮನ ಕಾಯಿ ನಡೆಯಲಿಲ್ಲ.

ನಮ್ಮ ಪಗಡೆಯ ಬಳಗದ ಪಚೀಸಿಯನ್ನೇ ಮಾರ್ಪಡಿಸಿ 1896ರಲ್ಲಿ ಇಂಗ್ಲೆಂಡಿನಲ್ಲಿ ಲೂಡೋ ಎಂದು ಪೇಟೆಂಟು ಪಡೆದರು. ಅದು ತಿರುಗಿ ಬಂದು, ನವಿ ಮುಂಬಯಿಯ ಒಂದು ಕಂಪನಿಯು 2016ರಲ್ಲಿ ಹೊರತಂದ ‘ಲೂಡೋ ಕಿಂಗ್’ ಆಗಿ ನಮ್ಮ ಹುಡುಗರ ಫೋನುಗಳಲ್ಲಿ ಕುಳಿತಿತು. ಊರಿನ ಚಾವಡಿಯಲ್ಲಿ ಅಣ್ಣತಮ್ಮಂದಿರು ಎದುರುಬದುರು ಕುಳಿತು ಪಗಡೆ ಆಡಿದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ನಮ್ಮ ಹುಡುಗರಿಗೆ ಇಲ್ಲಿ ಚಾವಡಿಯಿಲ್ಲ, ಅಂಗಳವಿಲ್ಲ. ಇರುವುದು ಅಂಗೈಯಗಲದ ಒಂದು ಫೋನು, ದಿನದ ಕೊನೆಯ ಅರ್ಧ ತಾಸು. ಆ ಅರ್ಧ ತಾಸಿಗೆ ನಾನು ಸಂಬಳ ಕೊಟ್ಟಿರಲಿಲ್ಲ. ಆದಕಾರಣ ಅದರ ಮೇಲೆ ನನಗೆ ಯಾವ ಹಕ್ಕೂ ಇರಲಿಲ್ಲ.

2020ರ ಲಾಕ್‌ಡೌನಿನಲ್ಲಿ ನನ್ನ ಹೋಟೆಲಿನ ಬಾಗಿಲು ಮುಚ್ಚಿತು. ಆ ಹುಡುಗ ಈಗ ಎಲ್ಲಿದ್ದಾನೋ ತಿಳಿಯದು. ಈ ಪತ್ರಿಕೆಯು ಅನೇಕ ಹೋಟೆಲುಗಳ ಗಲ್ಲೆಯ ಬದಿಯಲ್ಲಿ ಬಿದ್ದಿರುತ್ತದೆ. ಅವನ ಕಣ್ಣಿಗೆ ಬಿದ್ದರೆ, ತಪ್ಪು ನನ್ನದೆಂದು ತಿಳಿಯಲಿ. ಅಣ್ಣನಿಗೂ ತಿಳಿಸಲಿ.