ತಾಯಿ ಮೀನಿನ ಆಯ್ಕೆ: ಗಂಡು-ಹೆಣ್ಣು ಗುರುತಿಸುವ ಬಗೆ

ಜೋಳದ ರಾಶಿಗೆ ಮುಂಚೆ ಒಳ್ಳೆಯ ತೆನೆಗಳನ್ನು ಆರಿಸಿ ಬೀಜಕ್ಕೆಂದು ಬೇರೆ ಕಟ್ಟಿಡುವುದು ಸೇಡಂ, ಚಿತ್ತಾಪುರ ಸೀಮೆಯ ರೈತರಿಗೆ ಹೊಸದಲ್ಲ. ಆದರೆ ಕೃಷಿ ಹೊಂಡದಲ್ಲೋ, ವಾಡಿ-ಶಹಾಬಾದ ಕಡೆಯ ನೀರು ನಿಂತ ಹಳೆಯ ಕಲ್ಲುಗಣಿಯಲ್ಲೋ ಮೀನು ಸಾಕಿದಾಗ ಇದಕ್ಕೆ ತೀರ ವಿರುದ್ಧವಾಗಿ ನಡೆದುಕೊಳ್ಳುವುದುಂಟು. ದೊಡ್ಡ ಮೀನೆಲ್ಲ ಸಂತೆಗೆ ಹೋಗುತ್ತದೆ. ಮಾರಾಟಕ್ಕೆ ಬಾರದ ಸಣ್ಣವು ನೀರಿಗೆ ಮರಳಿ ಮುಂದಿನ ಮರಿಗಳಿಗೆ ತಾಯಿ-ತಂದೆ ಆಗುತ್ತವೆ. ನಾಲ್ಕಾರು ಪೀಳಿಗೆ ಹೀಗೆಯೇ ನಡೆದರೆ, ನಿಧಾನವಾಗಿ ಬೆಳೆಯುವ ತಳಿಯನ್ನು ನಾವೇ ಆರಿಸಿ ಬೆಳೆಸಿದಂತಾಯಿತು.

ಈ ಮಾತು ಮುಖ್ಯವಾಗಿ ಸಾಮಾನ್ಯ ಗೆಂಡೆಗೆ ಅನ್ವಯಿಸುತ್ತದೆ. ಕಾಟ್ಲಾ, ರೋಹು, ಮೃಗಾಲ್ ನಿಂತ ನೀರಿನಲ್ಲಿ ಮೊಟ್ಟೆ ಇಡುವುದಿಲ್ಲ. 1957ರಲ್ಲಿ ಒಡಿಶಾದಲ್ಲಿ ಡಾ. ಹೀರಾಲಾಲ್ ಚೌಧುರಿಯವರು ಪಿಟ್ಯುಟರಿ ಗ್ರಂಥಿಯ ರಸವನ್ನು ಚುಚ್ಚಿ ಅವುಗಳ ಮರಿ ಮಾಡಿಸಿದ ಮೇಲೆಯೇ ಮರಿ ಉತ್ಪಾದನಾ ಕೇಂದ್ರಗಳು ಬೆಳೆದವು. ಗೆಂಡೆಗೆ ಯಾವ ಚುಚ್ಚುಮದ್ದೂ ಬೇಡ. ಸುಮಾರು ಆರು ತಿಂಗಳಿಗೇ ಬಲಿತು, ದಂಡೆಯ ನೀರುಕಳೆಗೆ ಮೊಟ್ಟೆ ಅಂಟಿಸಿಬಿಡುತ್ತದೆ. ತಿಂದದ್ದು ಮೈಗೆ ಹತ್ತುವ ಬದಲು ಮೊಟ್ಟೆಗೆ ಹೋಗುತ್ತದೆ. ಹೊಂಡದ ತುಂಬ ಅಂಗೈಯಗಲದ ಮೀನು ಉಳಿಯುತ್ತದೆ.

ಎರಡನೆಯ ತೊಡಕು ರಕ್ತಸಂಬಂಧದ್ದು. ಒಂದು ಕಿಲೋ ತೂಗುವ ಹೆಣ್ಣು ಗೆಂಡೆ ಒಂದು ಲಕ್ಷಕ್ಕೂ ಮಿಕ್ಕಿ ಮೊಟ್ಟೆ ಇಡಬಲ್ಲದು. ಹಾಗಾಗಿ ಎರಡು-ಮೂರು ಜೋಡಿ ಇದ್ದರೆ ಊರಿಗೆಲ್ಲ ಸಾಕೆಂಬ ಭಾವನೆ ಸಹಜ. ಆದರೆ ಮುಂದೆ ಅಣ್ಣ-ತಂಗಿಯರೇ ಕೂಡುತ್ತವೆ. ನಮ್ಮ ರಾಜ್ಯದ ಮರಿ ಕೇಂದ್ರಗಳ ದೊಡ್ಡ ಗೆಂಡೆಗಳನ್ನು ಕುರಿತು ಏಕನಾಥ್ ಮತ್ತು ಡಾಯ್ಲ್ 1990ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಈ ಒಳಸಂಕರಣದ ಪ್ರಮಾಣ ಶೇಕಡಾ 2ರಿಂದ 17ರವರೆಗೆ ಕಂಡುಬಂದಿತ್ತು. ಕೇಂದ್ರಗಳ ಪಾಡೇ ಹಾಗಿದ್ದರೆ ಒಂದೇ ಹೊಂಡದ ರೈತನ ಪಾಡು ಹೇಳಬೇಕಿಲ್ಲ.

ಗಂಡು-ಹೆಣ್ಣನ್ನು ಗುರುತಿಸಲು ಬಲಿತ ಕಾಲವೇ ಸರಿ. ಗೆಂಡೆಗೆ ಜನವರಿಯಿಂದ ಮಾರ್ಚ್ ಅನುಕೂಲ. ಮೀನನ್ನು ಒದ್ದೆ ಬಟ್ಟೆಯಲ್ಲಿ ಹಿಡಿದು ಹೊಟ್ಟೆ ಮೇಲಾಗಿ ತಿರುಗಿಸಿರಿ. ಹೆಣ್ಣಿನ ಹೊಟ್ಟೆ ಉಬ್ಬಿ ಮೆತ್ತಗಿರುತ್ತದೆ. ಜನನರಂಧ್ರ ಊದಿ ನಸುಗೆಂಪಾಗಿರುತ್ತದೆ. ಗಂಡಿನ ಹೊಟ್ಟೆ ಚಪ್ಪಟೆ, ರಂಧ್ರ ಸೀಳಿನಂತೆ ಒಳಕ್ಕಿರುತ್ತದೆ. ಹೊಟ್ಟೆಯನ್ನು ಬಾಲದ ಕಡೆಗೆ ಮೃದುವಾಗಿ ಸವರಿದರೆ ಹಾಲಿನಂಥ ವೀರ್ಯ ಬರುತ್ತದೆ. ಇದಕ್ಕಿಂತ ಖಚಿತವಾದ ಗುರುತು ಬೇರೆ ಬೇಡ. ರೋಹು, ಕಾಟ್ಲಾಗಳಲ್ಲಿ ಎದೆಯ ಈಜುರೆಕ್ಕೆಯ ಮೇಲ್ಬದಿಯನ್ನೂ ಬೆರಳಿನಿಂದ ಸವರಿ ನೋಡಬಹುದು: ಗಂಡಿನದು ಒರಟು, ಹೆಣ್ಣಿನದು ನುಣುಪು. ಬಲವಾಗಿ ಒತ್ತಿದರೆ ಮೀನು ಸಾಯುತ್ತದೆ, ಎಚ್ಚರ.

ಇಲ್ಲಿ ಅನುಭವಸ್ಥರೂ ತಪ್ಪುವ ಒಂದು ಸೂಕ್ಷ್ಮವಿದೆ. ಗೆಂಡೆಯಲ್ಲಿ ಹೆಣ್ಣೇ ಹೆಚ್ಚು ತೂಗುತ್ತದೆ. ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗಿ ದೊಡ್ಡವನ್ನು ಎತ್ತಿಟ್ಟರೆ ಬುಟ್ಟಿಯಲ್ಲಿ ಬಹುಪಾಲು ಹೆಣ್ಣೇ ಉಳಿಯುತ್ತವೆ. ಕೊನೆಗೆ ಕೈಗೆ ಸಿಕ್ಕ ಗಂಡನ್ನು ಸೇರಿಸಬೇಕಾಗುತ್ತದೆ. ಆದ್ದರಿಂದ ಮೊದಲು ಲಿಂಗ ಬೇರ್ಪಡಿಸಿ, ಆಮೇಲೆ ಗಂಡನ್ನು ಗಂಡಿನೊಡನೆ, ಹೆಣ್ಣನ್ನು ಹೆಣ್ಣಿನೊಡನೆ ಹೋಲಿಸಿರಿ. ಹೋಲಿಕೆ ಒಂದೇ ಹೊಂಡದ, ಒಂದೇ ದಿನ ಬಿಟ್ಟ ಮರಿಗಳಲ್ಲಿ ಮಾತ್ರ ಇರಲಿ. ಒಂದು ಹೊಂಡಕ್ಕೆ ಸಗಣಿ ಗೊಬ್ಬರ, ಶೇಂಗಾ ಹಿಂಡಿ ಹೆಚ್ಚು ಬಿದ್ದಿದ್ದರೆ ಅಲ್ಲಿಯ ಮೀನು ದೊಡ್ಡದಾಗಿರುವುದು ತಳಿಯ ಗುಣವಲ್ಲ. ನನ್ನಂಥ ಬೇಸಾಯಶಾಸ್ತ್ರದವನಿಗೆ ಇದು ಹೊಲದ ಬದುವಿನ ಪಕ್ಕದ ಸಾಲನ್ನು ನಡುವಿನ ಸಾಲಿಗೆ ಹೋಲಿಸಿದಂತೆ ಕಾಣುತ್ತದೆ.

ಮುನ್ನೂರು ಮೀನಿನಲ್ಲಿ ಮೂವತ್ತು ಹೆಣ್ಣು, ಮೂವತ್ತು ಗಂಡು ಆರಿಸಿದರೆ ಒಳ್ಳೆಯದು. ಬೆನ್ನು ಸೊಟ್ಟಗಿರುವುದು, ಗಾಯವಾದದ್ದು, ಎಳೆಯ ವಯಸ್ಸಿಗೇ ಮೊಟ್ಟೆ ತುಂಬಿಕೊಂಡದ್ದು ಬೇಡ. ಹೀಗೆ ಕ್ರಮವಾಗಿ ಆರಿಸಿದ್ದರ ಫಲ ರೋಹುವಿನಲ್ಲಿ ಸಿದ್ಧವಾಗಿದೆ. ಭುವನೇಶ್ವರದ ಕೇಂದ್ರೀಯ ಸಿಹಿನೀರು ಜಲಕೃಷಿ ಸಂಸ್ಥೆ ನಾರ್ವೆಯ ತಜ್ಞರೊಡನೆ 1992ರಲ್ಲಿ ಆರಂಭಿಸಿದ ಕೆಲಸದಿಂದ ‘ಜಯಂತಿ’ ತಳಿ ಬಂದಿತು. ಪೀಳಿಗೆಯೊಂದಕ್ಕೆ ಬೆಳವಣಿಗೆ ಸರಾಸರಿ ಶೇಕಡಾ 17ರ ಆಸುಪಾಸು ಹೆಚ್ಚಿತು.

ಕಲ್ಲುಗಣಿಯನ್ನು ತಾಯಿ ಮೀನಿಗೆ ನೆಚ್ಚಬೇಡಿರಿ. ಗೋಡೆ ಕಡಿದು, ನೀರು ಆಳವಾಗಿರುವುದರಿಂದ ಬಲೆ ಎಳೆಯಲಾಗದು. ಸಿಕ್ಕದ್ದೇ ಆಯ್ಕೆ ಎಂದಾಗುತ್ತದೆ. ಅಲ್ಲಿ ಮಾರಾಟದ ಮೀನು ಬೆಳೆಯಲಿ. ಆರಿಸಿದವನ್ನು ಆಳವಿಲ್ಲದ ಎರಡು ಹೊಂಡಗಳಲ್ಲಿ ಗಂಡು ಒಂದೆಡೆ, ಹೆಣ್ಣು ಒಂದೆಡೆ ಒಂದು ತಿಂಗಳು ಇಡಿರಿ. ಒಟ್ಟಿಗಿದ್ದರೆ ನೀವು ಹೇಳುವ ಮುಂಚೆಯೇ ಮೊಟ್ಟೆ ಇಟ್ಟುಬಿಡುತ್ತವೆ. ಒಂದೆರಡು ಪೀಳಿಗೆಗೊಮ್ಮೆ ಗಂಡುಗಳನ್ನು ಬೇರೆ ಮೂಲದಿಂದ ತರಿಸಿಕೊಳ್ಳಿರಿ. ಮರಿ ಕೊಳ್ಳುವಾಗ ತಾಯಿ ಮೀನು ಎಷ್ಟು ಜೋಡಿ, ಎಲ್ಲಿಯವು ಎಂದು ಕೇಳಿ ಬರೆದಿಟ್ಟಿದ್ದರೆ ಈ ಅದಲು-ಬದಲು ಸುಲಭವಾಗುತ್ತದೆ.